ಅಕ್ವೇರಿಯಂ ಸಮೇತ ಮನೆ ಬದಲಾಯಿಸಿದ ಅನುಭವ: ಬೆಂಗಳೂರಿನಿಂದ ಧಾರವಾಡಕ್ಕೆ

ಮೂರಡಿಯ ಅಕ್ವೇರಿಯಂ ಒಂದನ್ನು ಮೀನುಗಳ ಸಮೇತ ಬೆಂಗಳೂರಿನಿಂದ ಧಾರವಾಡಕ್ಕೆ ತಂದು, ಮತ್ತೆ ನಿಲ್ಲಿಸಿ, ಮೀನುಗಳು ಮೊದಲಿನ ಹಾಗೆ ಊಟಕ್ಕೆ ಮೇಲೆ ಓಡಿ ಬರುವ ಹೊತ್ತಿಗೆ ಬೇಸಿಗೆಯೇ ಮುಗಿದುಹೋಯಿತು. ಹೊರಡುವ ಮುಂಚೆ ಕನ್ನಡದಲ್ಲಿ ಇದರ ಬಗ್ಗೆ ಏನಾದರೂ ಸಿಗುತ್ತಾ ಅಂತ ಹುಡುಕಿದ್ದೆ. ಅಕ್ವೇರಿಯಂ ಯಾವ ದಿಕ್ಕಿಗಿಟ್ಟರೆ ದುಡ್ಡು ಬರುತ್ತೆ ಅನ್ನುವ ವಾಸ್ತು ವಿಡಿಯೋಗಳೇ ಸಿಕ್ಕಿದ್ದು. ಹಾಗಾಗಿ ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ವರ್ಗ ಆಗಿ ಊರು ಬಿಡುವವರಿಗೆ, ಬಾಡಿಗೆ ಮನೆ ಬದಲಾಯಿಸುವವರಿಗೆ ಉಪಯೋಗಕ್ಕೆ ಬಂದರೆ ಬರಲಿ.

ನಮ್ಮ ಟ್ಯಾಂಕ್ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಬಾಯಿತನಕ ತುಂಬಿದರೆ 190 ಲೀಟರ್ ಹಿಡಿಯುತ್ತದೆ. ಮರಳು, ಕಲ್ಲು, ಮೇಲೆ ಬಿಡುವ ಜಾಗ ಎಲ್ಲ ಕಳೆದು ನೀರು 150 ಲೀಟರ್ ಅಂದುಕೊಳ್ಳಿ. ಒಳಗೆ ಎರಡು ಏಂಜೆಲ್, ಒಂದಷ್ಟು ಪ್ಲಾಟಿ, ತಳದಲ್ಲಿ ಮೂಗು ಉಜ್ಜಿಕೊಂಡು ಓಡಾಡುವ ಐದು ಕೋರಿ, ಮತ್ತೆ ಒಂದು ಸಕ್ಕರ್. ಸಕ್ಕರ್ ಮನೆಗೆ ಬಂದಾಗ ನನ್ನ ಹೆಬ್ಬೆರಳಷ್ಟಿತ್ತು. ಈಗ ಒಂದು ಗೇಣಿಗಿಂತ ಉದ್ದ.

ಇವರಿಗೆ (ನನ್ನ ಗಂಡನಿಗೆ) ವರ್ಗದ ಆರ್ಡರ್ ಬಂದಾಗ ಎಲ್ಲರೂ ಹೇಳಿದ್ದು ಒಂದೇ ಮಾತು, ಮೀನು ಯಾರಿಗಾದರೂ ಕೊಟ್ಟುಬಿಡಿ, ಅಲ್ಲಿ ಹೋಗಿ ಹೊಸದು ತಗೊಳ್ಳಿ. ಅಂಗಡಿಯವರು ಏಂಜೆಲ್ ಮತ್ತು ಕೋರಿ ತಗೊಳ್ಳಲು ರೆಡಿ ಇದ್ದರು, ದುಡ್ಡೇನೂ ಕೊಡಲ್ಲ ಅಂದರು. ಸಕ್ಕರ್ ಮಾತ್ರ ಬೇಡವೇ ಬೇಡ ಅಂದರು, ದೊಡ್ಡದಾದ ಸಕ್ಕರ್ ಯಾರಿಗೂ ಬೇಕಿಲ್ಲವಂತೆ. ಪಕ್ಕದ ಮನೆ ಆಂಟಿ, "ಕೆರೆಗೆ ಬಿಟ್ಬಿಡಮ್ಮ, ಪುಣ್ಯ ಬರುತ್ತೆ" ಅಂದರು. ದಯವಿಟ್ಟು ಇದನ್ನು ಮಾಡಬೇಡಿ. ಸಕ್ಕರ್ ಮೀನು ದಕ್ಷಿಣ ಅಮೆರಿಕದ ನದಿಗಳದ್ದು. ನಮ್ಮ ಕೆರೆ ನದಿಗಳಿಗೆ ಬಿದ್ದರೆ ಚೆನ್ನಾಗಿಯೇ ಬದುಕುತ್ತದೆ, ದಂಡೆಯಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತದೆ, ಇಲ್ಲಿಯ ಮೀನುಗಳ ಊಟಕ್ಕೆ ಕಲ್ಲು ಹಾಕುತ್ತದೆ. ಮೈಮೇಲೆ ಗಟ್ಟಿ ಚಿಪ್ಪು ಇರುವುದರಿಂದ ಮೀನುಗಾರರ ಬಲೆ ಹರಿಯುತ್ತದೆ, ಹಿಡಿದರೂ ಕೊಳ್ಳುವವರಿಲ್ಲ. ಬೆಂಗಳೂರಿನ ಕೆರೆಗಳಲ್ಲಿ ಈಗಾಗಲೇ ಬೇಕಾದಷ್ಟಿವೆ.

ಹೀಗಾಗಿ ಎಲ್ಲರನ್ನೂ ಕರೆದುಕೊಂಡೇ ಹೋಗುವುದು ಅಂತ ತೀರ್ಮಾನ ಆಯಿತು. ನಾವು ಯಾವಾಗಲೂ ಮೀನಿನ ಊಟ ತರುತ್ತಿದ್ದ ಅಂಗಡಿಯ ಹುಡುಗ ಒಂದು ಮಾತು ಹೇಳಿದ. "ಅಕ್ಕಾ, ಮೀನು ಹೇಗಾದ್ರೂ ತಲುಪುತ್ತೆ. ನೀವು ಫಿಲ್ಟರ್ ಸಾಯದ ಹಾಗೆ ನೋಡ್ಕೊಳಿ." ಈ ಇಡೀ ಬರಹದಲ್ಲಿ ನೀವು ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಅದು ಇದೇ ಇರಲಿ.

ಯಾಕೆ ಅಂದರೆ, ಮೀನು ಕಿವಿರಿನಿಂದಲೂ ಹಿಕ್ಕೆಯಿಂದಲೂ ದಿನವಿಡೀ ಅಮೋನಿಯಾ ಬಿಡುತ್ತಿರುತ್ತದೆ. ಅದು ಅದಕ್ಕೇ ವಿಷ. ಫಿಲ್ಟರಿನ ಸ್ಪಂಜು, ಸೆರಾಮಿಕ್ ರಿಂಗು, ತಳದ ಮರಳು ಇವುಗಳಿಗೆ ಅಂಟಿಕೊಂಡಿರುವ ಬ್ಯಾಕ್ಟೀರಿಯಾ ಆ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ (ಇದೂ ವಿಷವೇ), ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ವಾರಕ್ಕೊಮ್ಮೆ ಒಂದಿಷ್ಟು ನೀರು ಬದಲಾಯಿಸಿದರೆ ಹೋಗುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಸರಿಯಾಗಿ ಬೆಳೆಯಲು 4 ರಿಂದ 6 ವಾರ ಬೇಕು. ಹೊಸದಾಗಿ ಅಕ್ವೇರಿಯಂ ತಂದವರ ಮನೆಯಲ್ಲಿ ಮೊದಲ ತಿಂಗಳೇ ಮೀನು ಸಾಯುವುದು ಇದಕ್ಕೇ. ಬ್ಯಾಕ್ಟೀರಿಯಾಕ್ಕೆ ತೇವ ಬೇಕು, ಆಮ್ಲಜನಕ ಬೇಕು. ಲಾರಿಯಲ್ಲಿ ಒಣಗಿಸಿದರೆ ಸತ್ತಿತು. ಮುಚ್ಚಿದ ಡಬ್ಬಿಯಲ್ಲಿ ನೀರಿನೊಳಗೆ ಗಂಟೆಗಟ್ಟಲೆ ಗಾಳಿಯಿಲ್ಲದೆ ಇಟ್ಟರೂ ಸಾಯುತ್ತದೆ. ನಲ್ಲಿ ನೀರಲ್ಲಿ ತೊಳೆದರೆ ಕ್ಲೋರಿನ್ ಕೊಲ್ಲುತ್ತದೆ. ನೀರಿನಲ್ಲಿ ಈ ಬ್ಯಾಕ್ಟೀರಿಯಾ ಹೆಚ್ಚೇನೂ ಇರುವುದಿಲ್ಲ. ಹಳೇ ನೀರನ್ನೆಲ್ಲ ಹೊತ್ತುಕೊಂಡು ಹೋದೆ, ಫಿಲ್ಟರ್ ಚೊಕ್ಕಟ ತೊಳೆದು ಪ್ಯಾಕ್ ಮಾಡಿದೆ ಅನ್ನುವವರು ಉಲ್ಟಾ ಮಾಡಿರುತ್ತಾರೆ.

ಇನ್ನು ಕಾಗದಪತ್ರದ ವಿಷಯ. ಮೀನಿಗೆಂಥ ಕಾಗದಪತ್ರ ಅಂತ ನಗಬೇಡಿ. ಮೂರು ಕಡೆ ಸಿಕ್ಕಿಕೊಂಡೆವು.

ಮೊದಲನೆಯದು ಸಾಮಾನು ಸಾಗಿಸುವವರ ಕೊಟೇಶನ್. ಮನೆಗೆ ಬಂದು ನೋಡಿ ಹೋದವನು ಅಕ್ವೇರಿಯಂ ಮುಂದೆ ನಿಂತು "ಎಲ್ಲಾ ಆಗುತ್ತೆ ಮೇಡಂ" ಅಂದಿದ್ದ. ಕೊಟೇಶನ್ ಹಿಂಬದಿಯ ಸಣ್ಣ ಅಕ್ಷರದಲ್ಲಿ ನೋಡಿದರೆ ಜೀವಂತ ಪ್ರಾಣಿ, ಗಿಡ, ದ್ರವ ಪದಾರ್ಥ ಒಯ್ಯುವುದಿಲ್ಲ ಅಂತಿದೆ. ಅಂದರೆ ಖಾಲಿ ಗಾಜು ಮಾತ್ರ. ಅದಕ್ಕೂ ಇನ್ಶೂರೆನ್ಸ್ ಬೇಕಾದರೆ ಮರದ ಚೌಕಟ್ಟು ಹೊಡೆಸಬೇಕು, ಅದಕ್ಕೆ ಪ್ರತ್ಯೇಕ 2,200 ರೂಪಾಯಿ. ಕೊಟ್ಟೆವು. ಕೊಡುವ ಮುಂಚೆ ಟ್ಯಾಂಕಿನ ನಾಲ್ಕೂ ಮೂಲೆ, ಒಳಗಿನ ಸಿಲಿಕೋನ್ ಜೋಡಣೆ ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ. ಇದು ಆಮೇಲೆ ನಮಗೆ ತುಂಬಾ ಉಪಯೋಗಕ್ಕೆ ಬಂತು.

ಎರಡನೆಯದು ಧಾರವಾಡದ ಮನೆಯ ಬಾಡಿಗೆ ಕರಾರು. ಮಾಲೀಕರು ಕೆಳಗೆ, ನಾವು ಮೇಲಿನ ಮಹಡಿಗೆ. ಕರಾರಿನಲ್ಲಿ ಸಾಕುಪ್ರಾಣಿ ಇಟ್ಟುಕೊಳ್ಳುವಂತಿಲ್ಲ ಅಂತ ಒಂದು ಸಾಲು. ಮೀನು ಅದರಲ್ಲಿ ಬರುತ್ತಾ ಇಲ್ಲವಾ? ಸುಮ್ನೆ ಆಮೇಲೆ ರಗಳೆ ಬೇಡ ಅಂತ ಫೋನ್ ಮಾಡಿ ಕೇಳಿಯೇ ಬಿಟ್ಟೆ. ಅವರಿಗೆ ಮೀನಿನ ಚಿಂತೆ ಇಲ್ಲ, ಬೇರೆಯದೇ ಚಿಂತೆ. "ಎಷ್ಟ್ ವಜ್ಜಾ ಆಗ್ತದ್ರೀ ಅದು? ನೀರು ಸೋರಿ ಕೆಳಗ ಬಂದ್ರ ಏನ್ ಮಾಡೂದ್ರಿ?" ನ್ಯಾಯವಾದ ಪ್ರಶ್ನೆ. ಒಂದು ಲೀಟರ್ ನೀರು ಒಂದು ಕೆಜಿ. ನೀರು, ಗಾಜು, ಮರಳು, ಕಬ್ಬಿಣದ ಸ್ಟ್ಯಾಂಡು ಸೇರಿ ಕಾಲು ಟನ್ ಹತ್ತಿರ. ಕೋಣೆಯ ನಡುವೆ ಇಡುವುದಿಲ್ಲ, ಕೆಳಗೆ ಗೋಡೆ ಇರುವ ಕಡೆ ಗೋಡೆಗೆ ಹತ್ತಿಸಿ, ತೊಲೆ ಹಾದುಹೋಗುವ ಜಾಗದಲ್ಲಿ ಇಡುತ್ತೇವೆ ಅಂತ ಹೇಳಿದೆ. ಸೋರಿಕೆಯಾದರೆ ಬಣ್ಣದ ಖರ್ಚು ನಮ್ಮದು ಅಂತ ಕರಾರಿನಲ್ಲಿ ಕೈಯಲ್ಲೇ ಒಂದು ಸಾಲು ಸೇರಿಸಿ ಇಬ್ಬರೂ ಸಹಿ ಮಾಡಿದೆವು. ಸ್ಟಾಂಪ್ ಪೇಪರ್ ಆಗುವ ಮುಂಚೆಯೇ ಇದನ್ನು ಮಾತಾಡಿಕೊಳ್ಳುವುದು ಒಳ್ಳೆಯದು.

ಮೂರನೆಯದು ನಮ್ಮ ಹಳೇ ಅಪಾರ್ಟ್‌ಮೆಂಟಿನ ಗೇಟ್ ಪಾಸ್. ಅದರ ಕಥೆ ಹೊರಡುವ ದಿನಕ್ಕೆ ಬರುತ್ತದೆ.

ಹೊರಡುವ ವಾರ ಏನು ಮಾಡಿದೆ ಅಂತ ಹೇಳುತ್ತೇನೆ. ಫಿಲ್ಟರ್ ಮುಟ್ಟಲಿಲ್ಲ. ನೀರು ಮಾತ್ರ ಎಂದಿಗಿಂತ ಬೇಗ ಬೇಗ, ಕಾಲು ಭಾಗದಷ್ಟು ಬದಲಾಯಿಸಿದೆ. ಹೊರಡುವ ಎರಡು ದಿನ ಮುಂಚೆ ಊಟ ನಿಲ್ಲಿಸಿದೆ. ಮಗ ಅತ್ತುಬಿಟ್ಟ, ಪಾಪ ಹಸಿವಾಗಲ್ವಾ ಅಂತ. ಆರೋಗ್ಯವಾಗಿರುವ ದೊಡ್ಡ ಮೀನು ಎರಡು ಮೂರು ದಿನ ಉಪವಾಸ ಆರಾಮಾಗಿ ಇರುತ್ತದೆ. ಹೊಟ್ಟೆ ಖಾಲಿ ಇದ್ದರೆ ಚೀಲದ ನೀರು ಕೊಳೆಯಾಗುವುದಿಲ್ಲ. ಇನ್ನು ಸಾಮಾನು: ಬ್ಯಾಟರಿ ಏರ್ ಪಂಪ್ 650 ರೂಪಾಯಿ, ಎರಡು ಥರ್ಮೋಕೋಲ್ ಡಬ್ಬಿ, ಮುಚ್ಚಳವಿರುವ ಬಕೆಟ್ ಎರಡು, ಟಿಡಿಎಸ್ ಅಂದರೆ ನೀರಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಮೀಟರ್ 250, ಅಮೋನಿಯಾ, ನೈಟ್ರೈಟ್, ಪಿಹೆಚ್ (ನೀರಿನ ಆಮ್ಲ-ಕ್ಷಾರದ ಮಟ್ಟ) ನೋಡುವ ಹನಿ ಹಾಕುವ ಟೆಸ್ಟ್ ಕಿಟ್ ಮೂರು ಸಾವಿರದ ಆಸುಪಾಸು. ಟೆಸ್ಟ್ ಕಿಟ್ ದುಬಾರಿ ಅನಿಸಿತು. ಆದರೆ ಅದಿಲ್ಲದೆ ಮುಂದಿನ ಎರಡು ತಿಂಗಳು ಕಣ್ಣು ಕಟ್ಟಿಕೊಂಡು ನಡೆದ ಹಾಗಾಗುತ್ತಿತ್ತು.

ಹಿಂದಿನ ದಿನ ಲಾರಿಗೆ ಸಾಮಾನು ಹೋಯಿತು. ಟ್ಯಾಂಕ್ ಬಿಚ್ಚುವುದಕ್ಕೂ ಒಂದು ಕ್ರಮ ಇದೆ. ಮೊದಲು ಹೀಟರ್ ಆಫ್ ಮಾಡಿ ಅರ್ಧ ಗಂಟೆ ನೀರಲ್ಲೇ ಬಿಡಬೇಕು, ಬಿಸಿ ಇರುವಾಗ ತೆಗೆದರೆ ಗಾಜು ಸೀಳುತ್ತದೆ. ಆಮೇಲೆ ಮೇಲಿನ ತಿಳಿ ನೀರನ್ನು ಸೈಫನ್ ಪೈಪಿನಿಂದ 20 ಲೀಟರಿನ ಕ್ಯಾನುಗಳಿಗೆ ತುಂಬಿದೆವು, ನಾಲ್ಕು ಕ್ಯಾನ್. ಬ್ಯಾಕ್ಟೀರಿಯಾಕ್ಕಾಗಿ ಅಲ್ಲ, ಅಲ್ಲಿ ಹೋದ ತಕ್ಷಣ ಮೀನುಗಳಿಗೆ ಗೊತ್ತಿರುವ ನೀರು ಒಂದಿಷ್ಟು ಇರಲಿ ಅಂತ. ನೀರು ಕಡಿಮೆ ಆದ ಮೇಲೆ ಕಲ್ಲು, ಗಿಡ ತೆಗೆದು, ಕೊನೆಗೆ ಮೀನು ಹಿಡಿಯಬೇಕು. ತುಂಬಿದ ಟ್ಯಾಂಕಿನಲ್ಲಿ ಬಲೆ ಹಿಡಿದು ಅಟ್ಟಾಡಿಸಿದರೆ ಮೀನೂ ಸುಸ್ತು, ನೀವೂ ಸುಸ್ತು. ಮರಳನ್ನು ಪೂರ್ತಿ ತೆಗೆದು ತೊಳೆದು ಚೀಲಕ್ಕೆ ಹಾಕಿದೆವು. ಮರಳಿನ ಅಡಿಯಲ್ಲಿ ವರ್ಷಗಟ್ಟಲೆ ಕೂತ ಕೊಳೆ ಕದಡಿದರೆ ಅದೇ ಒಂದು ಅಮೋನಿಯಾ ಬಾಂಬು. ಮರಳು ಸಮೇತ ಟ್ಯಾಂಕ್ ಎತ್ತಿದರೆ ತಳದ ಗಾಜು ಬಿರಿಯುವುದೂ ಇದೆ. ಎತ್ತುವವರು "ಸ್ವಲ್ಪ ತಾನೇ ಇದೆ ಮೇಡಂ, ಇರಲಿ" ಅಂದರೂ ಬಿಡಬೇಡಿ.

ಟ್ಯಾಂಕ್ ಸಂಜೆಯೇ ಲಾರಿ ಹತ್ತಿತು. ಮೀನುಗಳು ಮತ್ತು ಫಿಲ್ಟರಿನ ಸ್ಪಂಜು, ರಿಂಗುಗಳು ಆ ರಾತ್ರಿ ಖಾಲಿ ಮನೆಯಲ್ಲಿ ಬಕೆಟುಗಳಲ್ಲಿ, ಏರ್ ಪಂಪ್ ಗುಳುಗುಳು ಸದ್ದಿನಲ್ಲಿ. ನಾವು ಚಾಪೆ ಮೇಲೆ. ಬೆಳಗಿನ ಜಾವ ಅಂಗಡಿಯ ಹುಡುಗ ಸಣ್ಣ ಆಕ್ಸಿಜನ್ ಸಿಲಿಂಡರ್ ತಂದು ಪ್ಯಾಕ್ ಮಾಡಿಕೊಟ್ಟ, 500 ರೂಪಾಯಿ ತಗೊಂಡ. ಚೀಲದಲ್ಲಿ ಮೂರನೇ ಒಂದು ಭಾಗ ನೀರು, ಉಳಿದದ್ದು ಆಕ್ಸಿಜನ್. ನೀರು ಜಾಸ್ತಿ ತುಂಬಿದರೆ ಒಳ್ಳೆಯದು ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಮೀನಿಗೆ ಬೇಕಾದದ್ದು ಮೇಲಿನ ಗಾಳಿ. ಕೋರಿಗಳ ರೆಕ್ಕೆಯಲ್ಲಿ ಮುಳ್ಳಿದೆ, ಎರಡೆರಡು ಚೀಲ ಹಾಕಬೇಕು. ಗಾಬರಿಯಾದರೆ ಅವು ಒಂಥರಾ ವಿಷ ಬಿಡುತ್ತವಂತೆ, ಅದಕ್ಕೆ ಬೇರೆ ಮೀನಿನ ಜೊತೆ ಹಾಕಬಾರದು. ಸಕ್ಕರ್ ಮಾತ್ರ ಬಕೆಟಿಗೇ, ಅದು ಯಾವ ಚೀಲಕ್ಕೂ ಬಗ್ಗುವ ಆಸಾಮಿ ಅಲ್ಲ.

ಏಪ್ರಿಲ್ ತಿಂಗಳು. ಬಿಸಿಲೇರುವ ಮುಂಚೆ ಚಿತ್ರದುರ್ಗ ದಾಟಬೇಕು ಅಂತ ನಾಲ್ಕು ಗಂಟೆಗೇ ಕಾರು ತೆಗೆದರೆ, ಗೇಟಿನಲ್ಲಿ ಸೆಕ್ಯುರಿಟಿ ಅಡ್ಡ ನಿಂತ. ನಮ್ಮ ಗೇಟ್ ಪಾಸ್ ಲಾರಿಗೆ ಮಾತ್ರವಂತೆ. ಡಿಕ್ಕಿಯಲ್ಲಿ ಕ್ಯಾನು, ಹಿಂದಿನ ಸೀಟಿನಲ್ಲಿ ಡಬ್ಬಿ ಬಕೆಟ್ ನೋಡಿ, ಮನೆ ಸಾಮಾನು ಬೆಳಿಗ್ಗೆ ಹತ್ತರ ಮೇಲೆಯೇ ಬಿಡಬೇಕು ಅಂತ ರೂಲ್ಸ್ ಇದೆ ಅಂದ. ಇದು ಸಾಮಾನಲ್ಲ, ಮೀನು ಅಂತ ಬಕೆಟ್ ಮುಚ್ಚಳ ತೆಗೆದು ತೋರಿಸಿದೆ. ಅವನು ಇನ್ನಷ್ಟು ಗಲಿಬಿಲಿಯಾದ. ಸೂಪರ್‌ವೈಸರನ್ನು ಎಬ್ಬಿಸಿ, ಅವರು ಇನ್ಯಾರನ್ನೋ ಎಬ್ಬಿಸಿ, ವಾಟ್ಸಾಪಿನಲ್ಲಿ ಒಪ್ಪಿಗೆ ಬರುವ ತನಕ ಅಲ್ಲೇ. ನನ್ನ ಕೈಕಾಲು ನಡುಗುತ್ತಿತ್ತು ಸಿಟ್ಟಿಗೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಇಂಥ ಪಾಸ್ ಇದ್ದರೆ ಅದರಲ್ಲಿ ನಿಮ್ಮ ಕಾರಿನ ನಂಬರ್ರೂ ಹೊರಡುವ ಹೊತ್ತೂ ಹಿಂದಿನ ದಿನವೇ ಬರೆಸಿಡಿ.

ದಾರಿಯ ಬಗ್ಗೆ ಹೇಳುವುದು ಕಡಿಮೆ. ಸುಮಾರು 430 ಕಿಲೋಮೀಟರ್. ಇವರು ಡ್ರೈವಿಂಗ್, ನಾನು ಹಿಂದೆ ಬಕೆಟ್ ಹಿಡಿದುಕೊಂಡು. ಮಗ ಅಜ್ಜಿ ಮನೆಯಲ್ಲಿ. ಡಬ್ಬಿಗಳ ಮೇಲೆ ದಪ್ಪ ಟವೆಲ್, ಕತ್ತಲಿದ್ದರೆ ಮೀನು ಗಾಬರಿಯಾಗಲ್ಲ. ಎಸಿ ಗಾಳಿ ನೇರ ಡಬ್ಬಿಗೆ ಬೀಳದ ಹಾಗೆ ತಿರುಗಿಸಿದ್ದೆ. ಹಿರಿಯೂರು ದಾಟುವಾಗಲೇ ಸೂರ್ಯ ಸುಡತೊಡಗಿದ್ದ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನಲು ಒಬ್ಬೊಬ್ಬರೇ ಇಳಿದೆವು, ಕಾರು ಆಫ್ ಮಾಡದೆ. ಅರ್ಧ ಗಂಟೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಮೀನು ಬೇಯುತ್ತದೆ, ನಿಜವಾಗಿಯೂ.

ಧಾರವಾಡ ತಲುಪಿದ್ದು ಮಧ್ಯಾಹ್ನ. ಲಾರಿ ಅಂದೇ ಸಂಜೆ ಬರಬೇಕಿತ್ತು. ಬರಲಿಲ್ಲ. ಮರುದಿನವೂ ಇಲ್ಲ. ಫೋನ್ ಮಾಡಿದರೆ "ಹುಬ್ಬಳ್ಳಿ ಹತ್ತಿರ ಇದೆ ಮೇಡಂ" ಅನ್ನುತ್ತಾರೆ. ಬೇರೆಯವರ ಸಾಮಾನೂ ತುಂಬಿಸಿಕೊಂಡು ಊರೂರು ಇಳಿಸುತ್ತಾ ಬರುತ್ತಿದ್ದ ಲಾರಿ ಅಂತ ಆಮೇಲೆ ಗೊತ್ತಾಯಿತು. ಪೂರ್ತಿ ಲಾರಿ ನಿಮಗೇನಾ, ಹಂಚಿಕೊಂಡ ಲಾರಿಯಾ, ಇದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಟ್ಯಾಂಕ್ ಬಂದದ್ದು ವಾರ ಕಳೆದ ಮೇಲೆ.

ಆ ವಾರ ಮೀನುಗಳು ಬದುಕಿದ್ದು ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ. ಸುಭಾಷ್ ರೋಡಿಗೆ ಹೋಗಿ ಮಕ್ಕಳಿಗೆ ಸ್ನಾನ ಮಾಡಿಸುವಂಥ ದೊಡ್ಡ ಟಬ್ ತಂದೆವು, 900 ರೂಪಾಯಿ. ನಾಲ್ಕು ಕ್ಯಾನ್ ಹಳೇ ನೀರು ಸುರಿದೆವು. ಸ್ಪಂಜು, ರಿಂಗು ಎಲ್ಲ ಅದೇ ಫಿಲ್ಟರಿಗೆ ಹಾಕಿ ಟಬ್ಬಿಗೆ ಇಳಿಸಿ ಓಡಿಸಿದೆವು.

ಚೀಲದಿಂದ ಬಿಡುವಾಗ ಒಂದು ಎಚ್ಚರ. ಅಂಗಡಿಯಿಂದ ಹತ್ತು ನಿಮಿಷದ ದಾರಿಯಲ್ಲಿ ಮೀನು ತಂದಾಗ ಚೀಲ ಬಿಚ್ಚಿ, ನಿಧಾನವಾಗಿ ನೀರು ಬೆರೆಸುತ್ತೇವಲ್ವಾ, ಬಹಳ ಹೊತ್ತು ಕಟ್ಟಿದ್ದ ಚೀಲಕ್ಕೆ ಅದು ಸರಿಹೋಗಲ್ಲ. ಕಟ್ಟಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಸೇರಿ ಪಿಹೆಚ್ ಇಳಿದಿರುತ್ತದೆ. ಪಿಹೆಚ್ ಕಡಿಮೆ ಇರುವಾಗ ಅಮೋನಿಯಾದ ವಿಷ ಕಡಿಮೆ. ಚೀಲ ಬಿಚ್ಚಿದ ಕೂಡಲೇ ಆ ಗಾಳಿ ಹೊರಟುಹೋಗಿ ಪಿಹೆಚ್ ಏರುತ್ತದೆ, ಅದುವರೆಗೆ ಸುಮ್ಮನಿದ್ದ ಅಮೋನಿಯಾ ವಿಷವಾಗಿ ತಿರುಗುತ್ತದೆ. ಅದಕ್ಕೆ ಚೀಲವನ್ನು ಕಟ್ಟಿದ ಹಾಗೇ ಇಪ್ಪತ್ತು ನಿಮಿಷ ಟಬ್ಬಿನಲ್ಲಿ ತೇಲಿಬಿಟ್ಟು, ಬಿಸಿ ಸಮ ಆದ ಮೇಲೆ ಬಿಚ್ಚಿ, ತಡ ಮಾಡದೆ ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಟ್ಟೆ. ಚೀಲದ ನೀರು ಬಚ್ಚಲಿಗೆ. ಟಬ್ಬಿನಲ್ಲಿದ್ದದ್ದು ಅವುಗಳದೇ ಹಳೇ ನೀರು ಆದ್ದರಿಂದ ಹೀಗೆ ಮಾಡಲು ಧೈರ್ಯ ಬಂತು.

ಒಂದು ಕೋರಿ ಮರುದಿನ ಬೆಳಿಗ್ಗೆ ಸತ್ತಿತ್ತು. ಉಳಿದವು ಮೂಲೆಯಲ್ಲಿ ಗುಂಪಾಗಿ ಕೂತಿದ್ದವು. ಏಂಜೆಲ್‌ಗಳ ಮೈಮೇಲಿನ ಕಪ್ಪು ಪಟ್ಟೆ ಮಾಸಿಹೋಗಿತ್ತು.

ಈಗ ನೀರಿನ ತಲೆನೋವು ಶುರು. ಬೆಂಗಳೂರಿನಲ್ಲಿ ನಮಗೆ ಕಾವೇರಿ ನೀರು, ಟಿಡಿಎಸ್ 200ರ ಆಸುಪಾಸು. ಇಲ್ಲಿ ಮನೆಯ ನಲ್ಲಿಗೆ ಬರುವುದು ಬೋರ್‌ವೆಲ್ ನೀರು. ಮೀಟರ್ ಅದ್ದಿದರೆ 900 ದಾಟಿತು, ಪಿಹೆಚ್ 8ಕ್ಕೂ ಮೇಲೆ. ಬಕೆಟಿನ ಅಂಚಿಗೆ ಬಿಳಿ ಸುಣ್ಣ ಕಟ್ಟುವ ನೀರು. ಮಲಪ್ರಭಾ ಹೊಳೆಯ ನೀರು ಬರುತ್ತದೆ, ಆದರೆ ನಮ್ಮ ಓಣಿಗೆ ಕೆಲವು ದಿನಕ್ಕೊಮ್ಮೆ, ಅದೂ ಯಾವ ಹೊತ್ತಿಗೆ ಅಂತ ಹೇಳಲಾಗದು. ಬಂದಾಗ ನೆಲದ ಸಂಪಿನಲ್ಲಿ ತುಂಬಿಕೊಳ್ಳಬೇಕು, ಅದು ಬೋರ್ ನೀರಿನ ಜೊತೆ ಬೆರೆಯದ ಹಾಗೆ ನೋಡಿಕೊಳ್ಳಬೇಕು.

ಗಡಸು ನೀರು ಅಂದಕೂಡಲೇ ಹೆದರಬೇಕಿಲ್ಲ. ಪ್ಲಾಟಿ, ಮೊಲಿ, ಗಪ್ಪಿಗಳಿಗೆ ಗಡಸು ನೀರೇ ಇಷ್ಟ. ಏಂಜೆಲ್ ಮೂಲತಃ ಅಮೆಜಾನ್ ಕಡೆಯ ಮೆತ್ತನೆ ನೀರಿನದ್ದು, ಆದರೆ ನಮಗೆ ಸಿಗುವುದು ತೊಟ್ಟಿಗಳಲ್ಲಿ ಸಾಕಿದ ತಳಿ, ನಿಧಾನವಾಗಿ ಹೊಂದಿಕೊಳ್ಳುತ್ತದೆ. ಒಮ್ಮೆಲೇ 200ರಿಂದ 900ಕ್ಕೆ ಎಸೆದರೆ ಮಾತ್ರ ಯಾವ ಮೀನಿಗೂ ಕಷ್ಟ. ಇನ್ನೊಂದು ವಿಷಯವನ್ನು ಟೆಸ್ಟ್ ಕಿಟ್ ಜೊತೆ ಬಂದ ಚೀಟಿ ನೋಡಿ ತಿಳಿದುಕೊಂಡೆ. ಅಮೋನಿಯಾ ಅಷ್ಟೇ ಇದ್ದರೂ ಪಿಹೆಚ್ 7ರಿಂದ 8ಕ್ಕೆ ಏರಿದರೆ ಅದರ ವಿಷದ ಪಾಲು ಹತ್ತು ಪಟ್ಟಿನ ಹತ್ತಿರ ಏರುತ್ತದೆ. ಬೆಂಗಳೂರಿನಲ್ಲಿ ನಡೆದುಹೋಗುತ್ತಿದ್ದ ಅಮೋನಿಯಾ ಇಲ್ಲಿ ನಡೆಯಲ್ಲ.

ಹಾಗಾಗಿ 100 ಲೀಟರಿನ ನೀಲಿ ಡ್ರಮ್ ಒಂದು ತಂದು ಟೆರೇಸಿನ ನೆರಳಲ್ಲಿಟ್ಟೆ. ಹೊಳೆ ನೀರು ಬಂದಾಗ ಡ್ರಮ್ ತುಂಬುವುದು, ಏರ್ ಸ್ಟೋನ್ (ಪಂಪಿನ ಗಾಳಿಯನ್ನು ಸಣ್ಣ ಗುಳ್ಳೆ ಮಾಡಿ ಬಿಡುವ ಕಲ್ಲು) ಹಾಕಿ ಒಂದು ದಿನ ಬಿಡುವುದು, ಆಮೇಲೂ ಕ್ಲೋರಿನ್ ತೆಗೆಯುವ ದ್ರಾವಣವನ್ನು ಬಾಟಲಿ ಮೇಲೆ ಬರೆದಷ್ಟು ಹಾಕುವುದು. ಅದಕ್ಕೆ ಸ್ವಲ್ಪ ಸ್ವಲ್ಪವೇ ಬೋರ್ ನೀರು ಬೆರೆಸಿ, ವಾರದಿಂದ ವಾರಕ್ಕೆ ಟಿಡಿಎಸ್ ಏರಿಸುತ್ತಾ ಬಂದೆ. ಈಗ 450ರಲ್ಲಿ ನಿಲ್ಲಿಸಿದ್ದೇನೆ. ಆರ್‌ಓ ನೀರು ಹಾಕಬಹುದಲ್ಲ ಅಂತ ಕೇಳುತ್ತಾರೆ. ಬೆರೆಸಲು ಪರವಾಗಿಲ್ಲ, ಬರೀ ಆರ್‌ಓ ನೀರು ಬೇಡ. ಅದರಲ್ಲಿ ಪಿಹೆಚ್ ಹಿಡಿದಿಡುವ ಲವಣವೇ ಇರುವುದಿಲ್ಲ, ಯಾವತ್ತು ಧಡಕ್ಕನೆ ಕುಸಿಯುತ್ತದೆ ಅಂತ ಗೊತ್ತಾಗಲ್ಲ.

ಟಬ್ಬಿನ ದಿನಗಳಲ್ಲಿ ಸಂಜೆ ಸಂಜೆ ಟೆಸ್ಟ್. ಅಮೋನಿಯಾ ಟ್ಯೂಬ್ ಹಳದಿ ಇದ್ದರೆ ನೆಮ್ಮದಿ, ಸ್ವಲ್ಪ ಹಸಿರು ತಿರುಗಿದರೂ ಹತ್ತಿಪ್ಪತ್ತು ಲೀಟರ್ ಬದಲಾವಣೆ. ಊಟ ಎರಡು ದಿನಕ್ಕೊಮ್ಮೆ, ಒಂದು ಚಿಟಿಕೆ. ಒಂದು ಮಧ್ಯಾಹ್ನ ಗಾಳಿ ಮಳೆಗೆ ಕರೆಂಟ್ ಹೋಗಿ ರಾತ್ರಿ ತನಕ ಬರಲಿಲ್ಲ, ಬ್ಯಾಟರಿ ಪಂಪ್ ಕಾಪಾಡಿತು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಫಿಲ್ಟರನ್ನು ಅದರ ಲೈನಿಗೇ ಕೊಡಿ, 15-20 ವಾಟ್ ಮಾತ್ರ ಎಳೆಯುತ್ತದೆ. ಹೀಟರ್ ಮಾತ್ರ ಬೇಡ.

ಕೊನೆಗೂ ಟ್ಯಾಂಕ್ ಬಂತು. ಚೌಕಟ್ಟು ನೆಟ್ಟಗೇ ಇತ್ತು. ಆದರೂ ನಾನು ಒಂದು ದಿನ ಖಾಲಿ ನೀರು ತುಂಬಿಸಿ ಹೊರಗೆ ನಿಲ್ಲಿಸಿ ನೋಡೋಣ ಅಂದೆ. ಕೆಳಗೆ ಹಳೇ ಪೇಪರ್ ಹಾಸಿದ್ದೆವು. ಬೆಳಿಗ್ಗೆ ಹಿಂದಿನ ಮೂಲೆಯಲ್ಲಿ ಪೇಪರ್ ಒದ್ದೆ. ಬಾಡಿಗೆ ಕರಾರಿನ ಆ ಸಾಲು ನೆನಪಾಗಿ ಎದೆ ಧಸಕ್ ಅಂದಿತು. ಮೊದಲಿನ ಫೋಟೋದಲ್ಲಿ ಆ ಮೂಲೆಯ ಸಿಲಿಕೋನ್ ಇಡಿಯಾಗಿದೆ, ಈಗ ಸೀಳಿದೆ. ಫೋಟೋ ಕಳಿಸಿ, ಮೇಲಿಂದ ಮೇಲೆ ಇಮೇಲ್ ಮಾಡಿ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ದುಡ್ಡು ವಾಪಸ್ ಬಂತು. ಹಳೇ ಸಿಲಿಕೋನ್ ಮೇಲೆ ಹೊಸದು ಸರಿಯಾಗಿ ಹಿಡಿಯಲ್ಲ. ಅದಕ್ಕೇ ಗಾಜು ಅಂಗಡಿಯವರು ಒಳಗಿನ ಪಟ್ಟಿ ಪೂರ್ತಿ ಕೆರೆದು ತೆಗೆದು ಹೊಸದಾಗಿ ಹಾಕಿದರು, 800 ರೂಪಾಯಿ. ಬೂಷ್ಟು ಹಿಡಿಯದ ಹಾಗೆ ಔಷಧ ಬೆರೆಸಿದ ಬಾತ್‌ರೂಮ್ ಸಿಲಿಕೋನ್ ಹಾಕಿಸಬೇಡಿ, ಅದು ಮೀನಿಗೆ ವಿಷ. ಅಕ್ವೇರಿಯಂಗೆ ಅಂತಲೇ ಬರೆದದ್ದು ಕೇಳಿ. ಎರಡು ದಿನ ಒಣಗಲು ಬಿಟ್ಟು, ಮತ್ತೆ ನೀರು ತುಂಬಿ ನೋಡಿ, ಸ್ಟ್ಯಾಂಡಿನ ಮೇಲೆ ರಸಮಟ್ಟ ಇಟ್ಟು ಸಮ ಮಾಡಿ, ಅಡಿಗೆ ಫೋಮ್ ಶೀಟ್ ಹಾಸಿ ಕೂರಿಸಿದೆವು. ಟಬ್ಬಿನಿಂದ ಮೀನು, ನೀರು, ಫಿಲ್ಟರ್ ಎಲ್ಲ ಟ್ಯಾಂಕಿಗೆ ಬಂತು. ಅಮೋನಿಯಾ ಕೆಲವು ದಿನ ಸಣ್ಣದಾಗಿ ಏರಿ ಇಳಿಯಿತು, ಅಷ್ಟೇ. ಹೊಸ ಟ್ಯಾಂಕ್ ಹಾಗೆ ತಿಂಗಳುಗಟ್ಟಲೆ ಪರದಾಡಲಿಲ್ಲ.

ಎಲ್ಲ ಮುಗಿಯಿತು ಅಂದುಕೊಂಡೆ. ಮೇ ಕೊನೆಗೆ ಮಳೆ ಹಿಡಿದು ರಾತ್ರಿ ತಣ್ಣಗಾಗತೊಡಗಿದಾಗ ಒಂದು ಏಂಜೆಲ್ ಕಲ್ಲಿಗೆ ಮೈ ಉಜ್ಜುವುದು ಕಂಡಿತು. ಮರುದಿನ ರೆಕ್ಕೆ ತುಂಬಾ ರವೆ ಉದುರಿಸಿದಂತೆ ಬಿಳಿ ಚುಕ್ಕೆ. ವೈಟ್ ಸ್ಪಾಟ್, ಅಥವಾ ಇಚ್. ಹೊಸ ಮೀನು ಯಾವುದೂ ತಂದಿರಲಿಲ್ಲ. ಈ ಪರಜೀವಿ ಮೀನಿನ ಕಿವಿರಿನಲ್ಲಿ ಕಣ್ಣಿಗೆ ಕಾಣದಷ್ಟು ಸ್ವಲ್ಪವೇ ಇದ್ದುಕೊಂಡು, ಮೀನು ಬಳಲಿದಾಗ ಜೋರಾಗುವುದುಂಟು.

ಒಬ್ಬ ಪಶುವೈದ್ಯರ ನಂಬರ್ ಸಿಕ್ಕಿತ್ತು, ಫೋನ್ ಮಾಡಿದೆ. "ಮೇಡಂ, ನಾ ಎಮ್ಮಿ ಆಕಳಾ ನೋಡಾಂವ್ರಿ" ಅಂದರು ಪಾಪ. ಆದರೂ ಯಾವ ಔಷಧವಾದರೂ ಚಮಚದಲ್ಲಿ ಅಳೆಯಬೇಡಿ, ತೂಕ ಮಾಡಿ ಹಾಕಿ ಅಂದರು. ಒಳ್ಳೆ ಮಾತು. ಅಂಗಡಿಯಲ್ಲಿ ನೀಲಿ ಔಷಧ ಕೊಟ್ಟರು. ಮೆಥಿಲೀನ್ ಬ್ಲೂ ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ಗಿಡಕ್ಕೂ ಕೆಡುಕು. ಇಷ್ಟು ಕಷ್ಟಪಟ್ಟು ಉಳಿಸಿಕೊಂಡು ಬಂದ ಫಿಲ್ಟರನ್ನು ಇಲ್ಲಿ ಕೊಲ್ಲಲು ನನಗೆ ಮನಸ್ಸು ಬರಲಿಲ್ಲ. ಬಿಸಿ ಮತ್ತು ಉಪ್ಪಿನ ದಾರಿ ಹಿಡಿದೆ.

ಮೀನಿನ ಮೈಮೇಲೆ ಕಾಣುವ ಚುಕ್ಕೆಗೆ ಯಾವ ಔಷಧವೂ ತಾಗಲ್ಲ, ಅದು ಚರ್ಮದ ಒಳಗಿರುತ್ತದೆ. ಬಲಿತ ಮೇಲೆ ಉದುರಿ ತಳಕ್ಕೆ ಬಿದ್ದು, ಕೋಶ ಕಟ್ಟಿಕೊಂಡು, ಅದರೊಳಗೆ ನೂರಾರು ಮರಿಗಳಾಗಿ ಒಡೆದು ಈಜಿ ಬರುತ್ತದೆ. ಹೀಗೆ ಈಜುವಾಗ ಮಾತ್ರ ಅದನ್ನು ಕೊಲ್ಲಬಹುದು. ನೀರು ಬಿಸಿ ಇದ್ದಷ್ಟೂ ಈ ಸುತ್ತು ಬೇಗ ಮುಗಿಯುತ್ತದೆ. ಅದಕ್ಕೇ ಅರ್ಧ ದಿನಕ್ಕೆ ಒಂದು ಡಿಗ್ರಿಯಂತೆ 30ಕ್ಕೆ ಏರಿಸಿದೆ. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, ಆದ್ದರಿಂದ ಇನ್ನೊಂದು ಏರ್ ಸ್ಟೋನ್. ಅಡುಗೆಮನೆಯ ತಕ್ಕಡಿಯಲ್ಲಿ ಹರಳುಪ್ಪು ತೂಗಿ, ಮಗ್ಗಿನಲ್ಲಿ ಕರಗಿಸಿ, ಮೊದಲು ಲೀಟರಿಗೆ 1 ಗ್ರಾಂ, ಎರಡು ದಿನ ಬಿಟ್ಟು 2 ಗ್ರಾಂ ತನಕ. ಕೋರಿಗೆ, ಸಕ್ಕರ್‌ಗೆ ಉಪ್ಪು ಅಷ್ಟಾಗಿ ಆಗಲ್ಲ, ಮೇಲೆ ಬಂದು ಬಾಯಿ ಬಿಡುತ್ತಿವೆಯಾ ಅಂತ ನೋಡುತ್ತಲೇ ಇರಬೇಕು. ನೀರು ಆರಿದರೂ ಉಪ್ಪು ಆರುವುದಿಲ್ಲ, ಆರಿದ್ದಕ್ಕೆ ಬರೀ ನೀರು ಹಾಕಿ. ಬದಲಾಯಿಸಿ ತೆಗೆದ ನೀರಿಗೆ ಮಾತ್ರ ಲೆಕ್ಕ ಹಾಕಿ ಉಪ್ಪು ಸೇರಿಸಿ. ದಿನಾ ತಳದ ಮರಳು ಸೈಫನ್ ಮಾಡಿದೆ, ಉದುರಿದ ಕೋಶಗಳು ಹೋಗಲಿ ಅಂತ.

ನಾಲ್ಕೈದು ದಿನಕ್ಕೆ ಚುಕ್ಕೆ ಮಾಯ. ಬಹಳ ಜನ ಇಲ್ಲೇ ನಿಲ್ಲಿಸಿಬಿಡುತ್ತಾರೆ, ಆಮೇಲೆ ದುಪ್ಪಟ್ಟಾಗಿ ಬರುತ್ತದೆ. ಕೊನೆಯ ಚುಕ್ಕೆ ಹೋದ ಮೇಲೂ ಹತ್ತು ದಿನ ಹಾಗೇ ಮುಂದುವರಿಸಿ, ಆಮೇಲೆ ನಿಧಾನವಾಗಿ ನೀರು ಬದಲಾಯಿಸುತ್ತಾ ಉಪ್ಪು ಇಳಿಸಿದೆ. ಬಿಸಿ, ಉಪ್ಪಿಗೆ ಜಗ್ಗದಿದ್ದರೆ ಮೀನನ್ನು ಬೇರೆ ಟಬ್ಬಿಗೆ ತೆಗೆದು ಔಷಧ ಹಾಕುವುದು ಅಂತ ಇತ್ತು, ಅದರ ಅಗತ್ಯ ಬೀಳಲಿಲ್ಲ. ಪ್ಲಾಟಿಗಳು ಇದರ ನಡುವೆಯೇ ಮರಿ ಹಾಕಿದವು.

ಒಟ್ಟು ಖರ್ಚು, ಚೌಕಟ್ಟು, ಕಿಟ್, ಟಬ್ಬು, ಡ್ರಮ್ಮು, ಸಿಲಿಕೋನ್, ಹೊಸ ಹೀಟರ್ ಸೇರಿ ಹತ್ತು ಸಾವಿರದ ಹತ್ತಿರ. ಅಷ್ಟರಲ್ಲಿ ಹೊಸ ಟ್ಯಾಂಕೇ ಬರುತ್ತಿತ್ತು ಅಂತ ಇವರು ಈಗಲೂ ಹೇಳುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ.

ಕೆಳಗಿನ ಮನೆಯ ಮಾಲೀಕರು ಈಗ ದಿನಾ ಸಂಜೆ ಮೊಮ್ಮಗಳನ್ನು ಕರೆದುಕೊಂಡು ಮೇಲೆ ಬರುತ್ತಾರೆ. ಅವರಿಗೂ ಒಂದು ಸಣ್ಣ ಟ್ಯಾಂಕ್ ಬೇಕಂತೆ. ಮೀನು ಬಿಡುವ ಮುಂಚೆ ತಿಂಗಳ ಮೇಲೆ, ನೀರಿಗೆ ಚೂರು ಚೂರು ಮೀನಿನ ಊಟ ಹಾಕುತ್ತಾ (ಅದು ಕೊಳೆತು ಅಮೋನಿಯಾ ಬಂದರೇ ಬ್ಯಾಕ್ಟೀರಿಯಾ ಬೆಳೆಯುವುದು) ಫಿಲ್ಟರ್ ಓಡಿಸಬೇಕು ಅಂದೆ. "ತಿಂಗಳಗಟ್ಲೆ ಬರೇ ನೀರ್ ನೋಡ್ಕೋತ ಕೂಡೂದೇನ್ರಿ?" ಅಂದರು. ನಮ್ಮ ಫಿಲ್ಟರಿನ ಸ್ಪಂಜನ್ನು ಅರ್ಧ ಕತ್ತರಿಸಿ ಕೊಡುತ್ತೇನೆ, ಅದನ್ನು ಹಾಕಿದರೆ ಅಷ್ಟು ಕಾಯಬೇಕಿಲ್ಲ ಅಂತ ಹೇಳಿದ್ದೇನೆ. ಉಪ್ಪು ಪೂರ್ತಿ ಇಳಿದು, ಇನ್ನೂ ಕೆಲವು ವಾರ ಯಾವ ಚುಕ್ಕೆಯೂ ಕಾಣದಿದ್ದ ಮೇಲೆ.